ಪೆಟ್ಟಿಗೆಯಲ್ಲಿಲ್ಲದ ಶ್ರುತಿ

ವೆಂಕಟರಂಗಯ್ಯ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಹಾರ್ಮೋನಿಯಂ ಮುಂದೆ ಕೂತು ಯಾರಿಗಾದರೂ ಕೇಡು ಬಗೆಯುವ ಮುನ್ನ ನಾಲಿಗೆಯ ತುದಿಯನ್ನು ಬಾಯಿಯ ಎಡಮೂಲೆಯಿಂದ ಚೂರು ಹೊರಗೆ ಹಾಕುತ್ತಿದ್ದರು. ಈ ವಿಷಯ ಅಡವಿಯಪ್ಪನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಮೇಷ್ಟ್ರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.

ಮೊಮ್ಮಗಳು ಮಾನಸಾ ಫೋನನ್ನು ಅವನ ಮುಖದ ಹತ್ತಿರ ಹಿಡಿದು "ಇದು ನೋಡು ತಾತ, ಸಕತ್ತಾಗಿದೆ" ಅಂದಾಗ, ಬಣ್ಣದ ಲೈಟುಗಳ ನಡುವೆ ಕೂತಿದ್ದ ಬೋಳುತಲೆಯ ಮುದುಕ ಯಾರೆಂದು ಅಡವಿಯಪ್ಪನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಆ ನಾಲಿಗೆ ಹೊರಗೆ ಬಂತು. ಅಡವಿಯಪ್ಪ ಕಾಫಿ ಲೋಟ ಕೆಳಗಿಟ್ಟ.

"ಯಾರವ್ವ ಇದು?"

"ಹಾರ್ಮೋನಿಯಂ ತಾತ ಅಂತ. ಕರಟ ಅಂತ ಒಂದು ಬ್ಯಾಂಡ್ ಇದೆ, ನಮ್ ತುಮಕೂರಿಂದೇ. ಅದ್ರಲ್ಲಿ ಗಿಟಾರ್ ಹಿಡ್ಕೊಂಡು ಹಾಡ್ತಾನಲ್ಲ ಅಂಜನ್‌ಕುಮಾರ್, ಅವನ ತಾತ ಇವ್ರು. ಪ್ರತಿ ಶೋನಲ್ಲೂ ಒಂದು ಆಟ ಇರತ್ತೆ. ಜನದ ಮಧ್ಯದಿಂದ ಯಾರಾದ್ರೂ ಮೇಲೆ ಹೋಗಿ ಹಾಡ್ಬೇಕು. ಈ ತಾತ ಶ್ರುತಿ ಕೊಡ್ತಾರೆ. ಹಾಡ್ತಾ ಹಾಡ್ತಾ ಪೆಟ್ಟಿಗೇಲಿ ಒಂದೊಂದೇ ಮನೆ ಏರಿಸ್ತಾ ಹೋಗ್ತಾರೆ. ಗಂಟಲು ಕಿತ್ಕೊಂಡ್ರೆ ಔಟ್. ನೋಡು, ಈಗ ನೋಡು!"

ಫೋನಿನೊಳಗೆ ಒಬ್ಬ ಕಾಲೇಜು ಹುಡುಗ ಕಣ್ಣು ಮುಚ್ಚಿ ಹಾಡುತ್ತಿದ್ದ. ಮುದುಕನ ಬೆರಳುಗಳು ಪೆಟ್ಟಿಗೆಯ ಕಪ್ಪು ಬಿಳಿ ಮನೆಗಳ ಮೇಲೆ ಬೆಕ್ಕಿನ ಹಾಗೆ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಜಾರಿದವು. ಹುಡುಗ ಏರಿದ, ಮತ್ತೂ ಏರಿದ, ಆಮೇಲೆ ಅವನ ದನಿ ನಡುವೆ ಹರಿದು ಕೀಚ್ ಎಂದಿತು. ಜನ ಹೋ ಎಂದು ನಕ್ಕರು. ಹುಡುಗನೂ ನಗುತ್ತಾ ಮುದುಕನ ಕಾಲು ಮುಟ್ಟಿದ.

"ಇನ್ನೊಂದ್ಸಲ ಹಾಕು" ಅಂದ ಅಡವಿಯಪ್ಪ.

ಮತ್ತೆ ನೋಡಿದ. ಮತ್ತೆ ಹಾಕಿಸಿದ. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ದೊಡ್ಡಗಂಗಮ್ಮ ತಲೆ ಎತ್ತಿ ಗಂಡನ ಮುಖ ನೋಡಿದಳು. ಅವಳಿಗೆ ಫೋನು ನೋಡಬೇಕಾಗಿರಲಿಲ್ಲ.

"ಮಾನಸಾ, ಸಾಕು ಎತ್ತಿಡವ್ವ ಅದ್ನ" ಅಂದಳು.

ಆ ಕಥೆ ಅವಳಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಕುಣಿಗಲ್ ಸೀಮೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ?

ಅಡವಿಯಪ್ಪನಿಗೆ ಆಗ ಮೀಸೆ ಮೂಡುತ್ತಿದ್ದ ವಯಸ್ಸು. ಓದು ಮೂರನೇ ಕ್ಲಾಸಿಗೆ ನಿಂತಿತ್ತು, ಆದರೆ ಗಂಟಲು ಚೆನ್ನಾಗಿತ್ತು. ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹಾಡುತ್ತಾ ಹೋದರೆ ಆಚೆ ಹೊಲದವರು ಕುಂಟೆ ನಿಲ್ಲಿಸಿ ಕೇಳುತ್ತಿದ್ದರು. ಆ ವರ್ಷ ಊರವರೇ ಕಟ್ಟಿದ ಒಂದು ಪಾಳೇಗಾರನ ನಾಟಕ ಆಡುವುದೆಂದಾಯಿತು. ಕಲಿಸಲು ಗುಬ್ಬಿ ಕಡೆಯಿಂದ ವೆಂಕಟರಂಗಯ್ಯ ಮೇಷ್ಟ್ರು ಬಂದರು. ಸೈಕಲ್ಲಿನ ಹಿಂದೆ ಹಾರ್ಮೋನಿಯಂ ಪೆಟ್ಟಿಗೆ, ಅದರ ಹಿಂದೆ ಓಡುತ್ತಾ ಬಂದ ತಮ್ಮ ಚಿಕ್ಕರಂಗಯ್ಯ. ಪಾಳೇಗಾರನ ಮಗನ ಪಾತ್ರದ ಮೇಲೆ ಚಿಕ್ಕರಂಗಯ್ಯನಿಗೆ ಕಣ್ಣಿತ್ತು. ಸೆರೆಮನೆಯಲ್ಲಿ ಕೂತು ಹಾಡುವ ಒಂದು ಪದವಿತ್ತು ಅದರಲ್ಲಿ; ಅದು ಸಿಕ್ಕರೆ ನಾಟಕವೇ ಸಿಕ್ಕಂತೆ. ಊರ ಯಜಮಾನರು ಅದನ್ನು ಅಡವಿಯಪ್ಪನಿಗೆ ಕೊಟ್ಟರು.

"ಒಳ್ಳೇದೇ ಆಯ್ತು ಬುಡಿ" ಅಂದರು ಮೇಷ್ಟ್ರು. ಹಾಗಂದು, ಇಡೀ ಚಳಿಗಾಲ ಸ್ಕೂಲಿನ ಜಗಲಿಯ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಪ್ರೀತಿಯಿಂದಲೇ ಕಲಿಸಿದರು.

ಆ ನಾಟಕಗಳಲ್ಲಿ ಹಾಡುವವನು ತನ್ನ ಶ್ರುತಿ ತಾನು ಹಿಡಿಯುವ ಹಾಗಿಲ್ಲ. ಮೇಷ್ಟ್ರು ಪೆಟ್ಟಿಗೆಯ ಒಂದು ಮನೆ ಒತ್ತುತ್ತಾರೆ. ಆ ದನಿಯನ್ನು ಕಿವಿಗೆ ಹಾಕಿಕೊಂಡು ಪಾತ್ರದವನು ಬಾಯಿ ತೆರೆಯಬೇಕು. ಬಾಯಿ ಅವನದು, ಎತ್ತರ ಮೇಷ್ಟ್ರದು. ನಾಟಕದ ರಾತ್ರಿ, ಸೆರೆಮನೆಯ ಪದ ಬಂದಾಗ, ಮೇಷ್ಟ್ರು ತಿಂಗಳುಗಟ್ಟಲೆ ಒತ್ತಿದ ಮನೆ ಒತ್ತಲಿಲ್ಲ. ನಾಲಿಗೆ ತುದಿ ಹೊರಗೆ ಹಾಕಿ, ಎರಡು ಮನೆ ಮೇಲೆ ಒತ್ತಿದರು.

ಹೆದರಿಕೆಯಲ್ಲಿದ್ದ ಅಡವಿಯಪ್ಪನಿಗೆ ಅದು ತಿಳಿಯಲಿಲ್ಲ. ಮೊದಲ ಸಾಲು ಹೇಗೋ ದಾಟಿದ. ಎರಡನೆಯದರಲ್ಲಿ ದನಿ ಒಡೆಯಿತು. ಕೋಳಿಯ ಕುತ್ತಿಗೆ ಹಿಸುಕಿದ ಹಾಗೆ ಆಯಿತು. ಮೊದಲು ಮಕ್ಕಳು ನಕ್ಕರು, ಆಮೇಲೆ ದೊಡ್ಡವರು, ಆಮೇಲೆ ಶಿಳ್ಳೆ. ಮೇಷ್ಟ್ರು ತಲೆ ಎತ್ತಿ "ಹಾಡಪ್ಪ, ಯಾಕ್ ನಿಲ್ಸಿದೆ?" ಎಂದು ಅದೇ ಮನೆಯನ್ನು ಮತ್ತೆ ಒತ್ತಿದರು. ಎರಡನೇ ಸಲ ಇನ್ನೂ ಕೆಟ್ಟಿತು. ಆಗ ಪರದೆಯ ಪಕ್ಕದಿಂದ ಚಿಕ್ಕರಂಗಯ್ಯ ಬಂದ. ಮುಖಕ್ಕೆ ಬಣ್ಣ, ಮೈಗೆ ಅದೇ ಜರಿ ಅಂಗಿ, ಸೊಂಟಕ್ಕೆ ಅದೇ ಕತ್ತಿ. ಒಂದೇ ಪಾತ್ರಕ್ಕೆ ಎರಡು ವೇಷ ಮೊದಲೇ ಸಿದ್ಧವಾಗಿದ್ದವು. ಅವನಿಗೆ ಮೇಷ್ಟ್ರು ಸರಿಯಾದ ಮನೆ ಕೊಟ್ಟರು. ಅವನು ಹಾಡಿದ, ಜನ ಒನ್ಸ್ ಮೋರ್ ಅಂದರು.

ಆ ಎರಡನೇ ವೇಷ ಕಂಡಾಗಲೇ ಅಡವಿಯಪ್ಪನಿಗೆ ಎಲ್ಲ ಅರ್ಥವಾದದ್ದು. ಹೇಳಿದ್ದರೆ ಯಾರು ನಂಬುತ್ತಿದ್ದರು? ಗಂಟಲು ಕೈಕೊಟ್ಟವನು ತಪ್ಪನ್ನು ಪೆಟ್ಟಿಗೆಯ ಮೇಲೆ ಹಾಕಿದ ಅಂತಿದ್ದರು. ಮಾರನೇ ದಿನದಿಂದ ಅವನ ಹೆಸರು ಪೀಪಿ ಎಂದಾಯಿತು. ಬಸ್ಸಿನ ಕಂಡಕ್ಟರ್ ಕೂಡ "ಪೀಪಿ, ಒಳಗೆ ಹೋಗಪ್ಪ" ಅನ್ನುತ್ತಿದ್ದ. ಪೀಪಿ ಹೊಲ ಉತ್ತ, ಪೀಪಿ ಮದುವೆಯಾದ, ಪೀಪಿಗೆ ಮಗ ಹುಟ್ಟಿದ. ಕಡೆಗೆ ಅವನು ಹೆಂಡತಿ ಮಗುವನ್ನು ಕರೆದುಕೊಂಡು ತುಮಕೂರಿಗೆ ಬಂದ. ಊರು ಬಿಟ್ಟದ್ದು ಅನ್ನಕ್ಕಾಗಿ ಎಂದು ಎಲ್ಲರೂ ತಿಳಿದರು. ಆ ಹೆಸರಿನಿಂದ ತಪ್ಪಿಸಿಕೊಳ್ಳಲು ಎಂದು ದೊಡ್ಡಗಂಗಮ್ಮನಿಗೆ ಮಾತ್ರ ಗೊತ್ತಿತ್ತು. ಅವನು ಆಮೇಲೆ ಬಾಯಿ ಬಿಟ್ಟು ಹಾಡಲಿಲ್ಲ. ತೊಟ್ಟಿಲಿಗೆ ಮಗುವನ್ನು ಹಾಕಿದ ದಿನವೂ ಹಗ್ಗ ತೂಗಿದನೇ ಹೊರತು ಜೋಗುಳ ಹಾಡಲಿಲ್ಲ.

ಸತ್ಯಮಂಗಲದ ಒಂದು ಕೊಬ್ಬರಿ ಎಣ್ಣೆ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಅವನ ತಗಡಿನ ಗೂಡಿನ ಬೆನ್ನಿಗೇ ಟ್ರಾನ್ಸ್‌ಫಾರ್ಮರ್. ಅದು ಹಗಲಿರುಳು ಉಂ ಅನ್ನುತ್ತಿತ್ತು. ಮೊದಮೊದಲು ತಲೆ ಕೆಡುತ್ತಿತ್ತು. ಆಮೇಲೆ ಅಡವಿಯಪ್ಪ ತುಟಿ ಮುಚ್ಚಿಕೊಂಡು ಅದರ ಜೊತೆಗೇ ಉಂ ಅನ್ನತೊಡಗಿದ. ಅದರ ದನಿಗೆ ತನ್ನ ದನಿ ಎಷ್ಟು ಸರಿಯಾಗಿ ಕೂರುತ್ತಿತ್ತೆಂದರೆ, ಒಮ್ಮೊಮ್ಮೆ ಎರಡರಲ್ಲಿ ಯಾವುದು ತನ್ನದೆಂದು ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಹಾಗೆಯೇ, ಯಾರಿಗೂ ಕೇಳದಂತೆ, ಸೆರೆಮನೆಯ ಆ ಪದವನ್ನು ಅವನು ಆ ಶ್ರುತಿಯಲ್ಲಿ ಗುನುಗಿಕೊಂಡ.

ಒಂದು ಆಯುಧಪೂಜೆಯಲ್ಲಿ ಮಿಲ್ಲಿಗೆ ಭಜನೆಯವರು ಬಂದಿದ್ದರು. ಅಡವಿಯಪ್ಪ ಮೈಮರೆತು ಗುನುಗಿದ್ದು ಪಕ್ಕದಲ್ಲಿ ಕೂತಿದ್ದ ಅವರ ಹಾರ್ಮೋನಿಯಂನವನ ಕಿವಿಗೆ ಬಿತ್ತು. ಅವನು ತಮಾಷೆಗೆ ಜೊತೆ ಕೊಡಲು ಹೋದ. ಒಂದು ಮನೆ ಒತ್ತಿದ, ಕೆಳಗಾಯಿತು. ಪಕ್ಕದ್ದು ಒತ್ತಿದ, ಮೇಲಾಯಿತು.

"ಏನಣ್ಣ ಇದು, ನಿನ್ ಶ್ರುತಿ ನನ್ ಪೆಟ್ಟಿಗೇಲೇ ಇಲ್ವಲ್ಲ!" ಎಂದು ಅವನು ನಕ್ಕ. "ಎರಡು ಮನೆ ಮಧ್ಯದ ಸಂದೀಲಿ ನಿಂತಿದೀಯ ಕಣಣ್ಣ ನೀನು. ಅಲ್ಲಿಗೆ ಯಾವ ಮೇಷ್ಟ್ರ ಬೆರಳೂ ಹೋಗಲ್ಲ."

ಯಾವ ಮೇಷ್ಟ್ರ ಬೆರಳೂ. ಆ ಮಾತನ್ನು ಅಡವಿಯಪ್ಪ ಒಳಗಿಟ್ಟುಕೊಂಡ. ಅದನ್ನು ಎಲ್ಲಿ ಬಳಸಬೇಕೆಂದು ತಿಳಿಯದೆ, ಆದರೆ ಬಳಸುತ್ತೇನೆಂದು ತಿಳಿದು, ಇಷ್ಟು ಕಾಲ ಇಟ್ಟುಕೊಂಡೇ ಇದ್ದ. ಈಗ ಮೊಮ್ಮಗಳ ಫೋನಿನಲ್ಲಿ ಆ ನಾಲಿಗೆ ಹೊರಗೆ ಬಂದಿತ್ತು.

"ಮುಂದಿನ ಶೋ ಯಾವತ್ತು?" ಎಂದು ಕೇಳಿದ.

"ಶನಿವಾರ. ಸತ್ಯಮಂಗಲದ ಹಳೇ ಗೋಡೌನಲ್ಲಿ. ಯಾಕ್ ತಾತ, ಬರ್ತೀಯಾ?" ಮಾನಸಾ ನಗುತ್ತಲೇ ಕೇಳಿದ್ದಳು.

"ಬರ್ತೀನಿ."

ದೊಡ್ಡಗಂಗಮ್ಮ ಸಿಪ್ಪೆ ತುಂಬಿದ ಮೊರ ಪಕ್ಕಕ್ಕೆ ಸರಿಸಿದಳು. "ಬ್ಯಾಡ ಕಣ್. ಆವಯ್ಯನಿಗೆ ಎಂಬತ್ತಾಗಿರ್ಬೇಕು. ನಾಳೆ ನಾಡಿದ್ದು ತಾನೇ ಹೋಗ್ತಾನೆ."

"ಅದ್ಕೇ ಶನಿವಾರವೇ ಹೋಗ್ಬೇಕು" ಅಂದ ಅಡವಿಯಪ್ಪ.

"ಹೋಗಿ ಏನ್ ಮಾಡ್ತೀಯ, ಹೊಡೀತೀಯಾ?"

"ಹಾಡ್ತೀನಿ."

ದೊಡ್ಡಗಂಗಮ್ಮ ಎದ್ದಳು. ಒಳಗೆ ಹೋಗಿ, ಮದುವೆ ಮುಂಜಿಗೆಂದು ಇಟ್ಟಿದ್ದ ಬಿಳಿ ಅಂಗಿಯನ್ನು ಬೀರುವಿನಿಂದ ತೆಗೆದು ಇಸ್ತ್ರಿಗೆ ಕೊಟ್ಟು ಬರಲು ಮಾನಸಾಳ ಕೈಗಿಟ್ಟಳು.

ಶನಿವಾರ ಸಂಜೆ ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು ಅಡವಿಯಪ್ಪ ಸತ್ಯಮಂಗಲಕ್ಕೆ ಬಂದ. ಅವನು ಕಾಯುತ್ತಿದ್ದ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದು ಅವನಿಗೊಂದು ಹೆದರಿಕೆ. ಆ ಉಂಕಾರ ಕೇಳದೆ ಬಹಳ ದಿನವಾಗಿದೆ; ಮೈಕಿನ ಮುಂದೆ ನಿಂತಾಗ ಶ್ರುತಿ ನೆನಪಿಗೆ ಬಾರದೆ ಹೋದರೆ? ಒಂದು ಕೂದಲೆಳೆ ಆಚೆ ಸರಿದರೂ ಮೇಷ್ಟ್ರ ಕೈಗೆ ಸಿಕ್ಕಿಬೀಳುತ್ತಾನೆ. ಎರಡನೇ ಸಲವೂ ಅದೇ ಕೈಗೆ. ದಾರಿಯುದ್ದಕ್ಕೂ ಗುನುಗಿ ನೋಡಿದ. ಸ್ಕೂಟರಿನ ಸದ್ದಿನಲ್ಲಿ ಏನೂ ನಿಲ್ಲಲಿಲ್ಲ.

ಗೋಡೌನಿನ ಒಳಗೆ ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ವಸಂತನರಸಾಪುರದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಯೂನಿಫಾರಂನಲ್ಲೇ ಬಂದವರೂ ಇದ್ದರು. ಮಾನಸಾ ಅವನನ್ನು ಮುಂದಿನ ಸಾಲಿನ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು. ಹಿಂದಿದ್ದವನೊಬ್ಬ, "ಏ ತಾತ, ದಾರಿ ತಪ್ಪಿ ಬಂದ್ಯಾ? ಇದು ಭಜನೆ ಅಲ್ಲ ಕಣ್ ತಾತ" ಅಂದ.

"ಗೊತ್ತಪ್ಪ. ಇಲ್ಲಿ ಕುಂತ್ಕಂಡು ತೂಕಡಿಸೋಕಾಗಲ್ಲ" ಅಂದ ಅಡವಿಯಪ್ಪ. ಸುತ್ತಲಿದ್ದವರು ನಕ್ಕರು, ಅವನಿಗೊಂದು ನೀರಿನ ಬಾಟಲಿ ಕೊಟ್ಟರು.

ಮೊದಲು ಕ್ಯಾತ್ಸಂದ್ರದ ಬೈಪಾಸ್ ಅನ್ನುವ ಬ್ಯಾಂಡು. ಹಾಸ್ಟೆಲ್ ಸಾಂಬಾರಿನ ಮೇಲೆ ಅವರದೊಂದು ಹಾಡಿತ್ತು. ಡ್ರಮ್ಮು ಎದೆಯ ಗೂಡಿಗೇ ಹೊಡೆಯುವಂತಿತ್ತು. ಆಮೇಲೆ ಕುಣಿಗಲ್ ಕಡೆಯ ಮೂವರು ಹುಡುಗಿಯರು. ಅವರಲ್ಲಿ ಹಾಡುತ್ತಿದ್ದವಳ ದನಿ ಒಂದು ಕಡೆ ಒಡೆಯಿತು. ಅಡವಿಯಪ್ಪ ಕುರ್ಚಿಯ ಕೈ ಬಿಗಿಯಾಗಿ ಹಿಡಿದ, ಈಗ ಶಿಳ್ಳೆ ಬೀಳುತ್ತದೆ ಎಂದು. ಶಿಳ್ಳೆ ಬಿತ್ತು ಕೂಡ, ಆದರೆ ಅದು ಖುಷಿಯ ಶಿಳ್ಳೆ. ಅವಳು ಒಡೆದ ದನಿಯಲ್ಲೇ ಇನ್ನೂ ಜೋರಾಗಿ ಕಿರುಚಿದಳು, ಜನ ಎದ್ದು ಕುಣಿದರು. ಅಡವಿಯಪ್ಪ ಕುರ್ಚಿಯ ಕೈ ಬಿಟ್ಟ. ಇಷ್ಟೇನಾ? ಒಡೆದ ದನಿಗೆ ಇಲ್ಲಿ ಇಷ್ಟೇ ಬೆಲೆಯಾ? ಹಾಗಾದರೆ ತಾನು ಮೈಮೇಲೆ ಇಷ್ಟು ವರ್ಷ ಹೊತ್ತದ್ದು ಏನು? ಆ ಹುಡುಗಿಯ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಇದ್ದ ಸಿಟ್ಟೆಲ್ಲ ಪರದೆಯ ಪಕ್ಕ ಶಾಲು ಹೊದ್ದು ಕೂತಿದ್ದ ಬೋಳುತಲೆಯ ಕಡೆಗೇ ಹರಿಯಿತು.

ಕೊನೆಗೆ ಕರಟ ಬ್ಯಾಂಡು ಬಂತು. ಅಂಜನ್‌ಕುಮಾರ್ ಕಪ್ಪು ಅಂಗಿಯ ತೆಳ್ಳನೆಯ ಹುಡುಗ; ಕಣ್ಣು ಥೇಟ್ ತಾತನವೇ. ಅವನು ಗಿಟಾರಿಗೆ ವೈರ್ ಚುಚ್ಚಿದ ಕೂಡಲೇ, ಅವನ ಹಿಂದಿದ್ದ ಕಪ್ಪು ಸ್ಪೀಕರ್ ಡಬ್ಬದಿಂದ ಒಂದು ಸದ್ದು ಎದ್ದಿತು.

ಉಂ.

ಅಡವಿಯಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಸ್ವಲ್ಪ ಹಮ್ ಬರ್ತಿದೆ ಫ್ರೆಂಡ್ಸ್, ಅರ್ಥಿಂಗ್ ಪ್ರಾಬ್ಲಂ, ಅಡ್ಜಸ್ಟ್ ಮಾಡ್ಕೊಳಿ" ಅಂದ ಅಂಜನ್. "ಲೈನ್‌ಮ್ಯಾನ್ ಕರೀರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಡವಿಯಪ್ಪನ ದನಿ ಮುಚ್ಚಿದ ತುಟಿಯೊಳಗೇ ಆ ಸದ್ದಿಗೆ ಹೋಗಿ ಕೂತಿತು, ಹಳೇ ಚಪ್ಪಲಿಗೆ ಕಾಲು ಹೋಗಿ ಕೂರುವ ಹಾಗೆ. ಕರೆಂಟಿನ ದನಿ ಎಲ್ಲ ಕಡೆಯೂ ಒಂದೇ. ತಗಡಿನ ಗೂಡಿನಲ್ಲಿ ಅವನು ಯಾರ ಜೊತೆ ಅಷ್ಟು ವರ್ಷ ಹಾಡಿದ್ದನೋ ಅದೇ ದನಿ, ಒಂದೆಳೆಯೂ ಆಚೀಚೆ ಇಲ್ಲದೆ, ಆ ಡಬ್ಬದೊಳಗಿತ್ತು.

ನಾಲ್ಕಾರು ಹಾಡುಗಳಾದ ಮೇಲೆ ಅಂಜನ್ ಮೈಕಿನಲ್ಲಿ ಕೂಗಿದ: "ಈಗ ಯಾರು ಬರ್ತಾರೆ?"

"ಹಾರ್ಮೋನಿಯಂ ತಾತ!" ಎಂದು ಗೋಡೌನು ಗುಡುಗಿತು.

ಇಬ್ಬರು ಹುಡುಗರು ಮೇಷ್ಟ್ರನ್ನು ಕೈಹಿಡಿದು ತಂದು ಪೆಟ್ಟಿಗೆಯ ಮುಂದೆ ಕೂರಿಸಿದರು. "ನಮ್ ತಾತ ನೂರಾರು ನಾಟಕ ಕಲ್ಸಿದಾರೆ. ಇವರ ಪೆಟ್ಟಿಗೆ ಮುಂದೆ ಎಂಥೆಂಥೋರೋ ನಿಂತು ಹಾಡಿದಾರೆ" ಅಂದ ಅಂಜನ್. ಮೇಷ್ಟ್ರು ಕೈ ಮುಗಿದರು. "ಇವತ್ತು ತಾತನ ಕೈಗೆ ಸಿಕ್ಕೋರು ಯಾರು?"

ಹತ್ತಾರು ಕೈ ಎದ್ದವು. ಅಡವಿಯಪ್ಪ ಕೈ ಎತ್ತಲಿಲ್ಲ, ಎದ್ದು ನಿಂತ.

"ಓಹೋ! ನೋಡ್ರೋ!" ಅಂದ ಅಂಜನ್. "ಬನ್ನಿ ಯಜಮಾನ್ರೇ, ಬನ್ನಿ. ಮೆಟ್ಲು ಹುಷಾರು."

"ತಾತ, ನಿಜವಾಗ್ಲೂನಾ?" ಮಾನಸಾ ಬಾಯಿ ಬಿಟ್ಟುಕೊಂಡು ಫೋನು ಎತ್ತಿದಳು.

ಅಡವಿಯಪ್ಪ ಮೇಲೆ ಹತ್ತಿ, ಮೈಕನ್ನು ತಾನೇ ಎಳೆದುಕೊಂಡು ಹೋಗಿ ಆ ಕಪ್ಪು ಡಬ್ಬದ ಪಕ್ಕದಲ್ಲಿ ನಿಂತ. ಇಲ್ಲಿ ಬೆಳಕು ಬೀಳಲ್ಲ ಅಂದರು ಹುಡುಗರು. ಪರವಾಗಿಲ್ಲ ಅಂದ.

ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. "ಯಾವೂರಪ್ಪ?"

"ಇಲ್ಲೇ, ತುಮಕೂರು."

"ನಾಟಕ ಮಾಡಿದೀಯಾ?"

"ಒಂದೇ ಒಂದು."

"ಅಷ್ಟೇನಾ! ಯಾಕಪ್ಪ, ಗಂಟ್ಲು ಹೋಯ್ತಾ?" ಮೇಷ್ಟ್ರು ಜನದ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಜನ ನಕ್ಕರು. ಮೇಷ್ಟ್ರಿಗೆ ಗುರುತು ಸಿಕ್ಕಿರಲಿಲ್ಲ. ಎಡಗೈ ತಿದಿಯ ಮೇಲೆ ಹೋಯಿತು, ಬಲಗೈಯ ಬೆರಳು ಒಂದು ಮನೆಯ ಮೇಲೆ ನಿಂತಿತು. ಬಾಯಿಯ ಎಡಮೂಲೆಯಿಂದ ನಾಲಿಗೆಯ ತುದಿ ಹೊರಗೆ ಬಂತು.

ತಿದಿ ಗಾಳಿ ಎಳೆದುಕೊಂಡಿತು. ಮನೆ ನುಡಿಯುವ ಮುಂಚೆ ಅಡವಿಯಪ್ಪ ಶುರು ಮಾಡಿಬಿಟ್ಟ.

ಕತ್ತಲ ಕೋಣೆಗೆ ಕಿಟಕಿಯ ಇಟ್ಟವರಾರೋ
ಚುಕ್ಕಿಯ ತೋರಿಸಿ ಮುಚ್ಚಿದರಾರೋ

ದನಿ ಮುದಿಯಾಗಿತ್ತು, ಒರಟಾಗಿತ್ತು, ಆದರೆ ನಡುಗಲಿಲ್ಲ. ಹಿಂದಿನ ಡಬ್ಬದ ಉಂಕಾರಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಮೇಷ್ಟ್ರು ಮುಗುಳ್ನಕ್ಕು ಮನೆ ಒತ್ತಿದರು. ಅದು ಕೆಳಗೆ ಬಿತ್ತು. ಪಕ್ಕದ ಕಪ್ಪು ಮನೆ ಒತ್ತಿದರು. ಮೇಲಾಯಿತು. ಮುಗುಳ್ನಗೆ ಹೋಯಿತು. ಮತ್ತೆ ಬಿಳಿ, ಮತ್ತೆ ಕಪ್ಪು, ಮತ್ತೆ ಬಿಳಿ. ಕತ್ತಲಲ್ಲಿ ಬೀಗದ ತೂತು ಹುಡುಕುವವನ ಹಾಗೆ ಬೆರಳುಗಳು ತಡಕಾಡಿದವು. ಕಡೆಗೆ ಎರಡನ್ನೂ ಒಟ್ಟಿಗೆ ಒತ್ತಿದರು. ಎರಡು ದನಿಗಳೂ ಒಂದನ್ನೊಂದು ಕಚ್ಚಿಕೊಂಡು ಗುಂಯ್ ಗುಂಯ್ ಎಂದು ಒದರಿದವು.

"ತಾತ ಸಿಗಾಕೊಂಡ್ರು!" ಎಂದು ಯಾರೋ ಕೂಗಿದರು. ನಗು ಎದ್ದಿತು. ಶಿಳ್ಳೆ ಬಿತ್ತು. ಅಡವಿಯಪ್ಪ ಆ ಶಿಳ್ಳೆಯನ್ನು ಕಿವಿ ತುಂಬ ಕೇಳಿಸಿಕೊಂಡ. ನಾಲಿಗೆ ಒಳಗೆ ಹೋಗಿತ್ತು. ಮೇಷ್ಟ್ರು ತಲೆ ಎತ್ತಿದರು, ಹಾಡುವವನ ಮುಖ ನೋಡಿದರು, ಪದ ಕೇಳಿದರು. ಆಗ ಗುರುತು ಸಿಕ್ಕಿತು. ಸಿಕ್ಕಿದ್ದು ಅಡವಿಯಪ್ಪನಿಗೂ ಕಂಡಿತು.

ಇಷ್ಟೇ ಅವನು ಬಯಸಿದ್ದು. ಮುಂದಿನದನ್ನು ಅವನು ಬಯಸಿರಲಿಲ್ಲ, ಊಹಿಸಿಯೂ ಇರಲಿಲ್ಲ.

ಅಂಜನ್‌ಕುಮಾರ್ ತಲೆ ವಾಲಿಸಿ ಕೇಳುತ್ತಿದ್ದ. ಗಿಟಾರಿನ ಒಂದು ತಂತಿಯನ್ನು ಬೆರಳಲ್ಲಿ ಒತ್ತಿ, ಮೀಟಿ, ಅದನ್ನು ಮೆಲ್ಲಗೆ ಪಕ್ಕಕ್ಕೆ ಎಳೆದ. ತಂತಿಯ ದನಿ ಕೆಳಗಿನ ಮನೆಯಿಂದ ಹೊರಟು, ಅಂಗಳ ದಾಟಿ, ಸರಿಯಾಗಿ ಅಡವಿಯಪ್ಪನ ಪಕ್ಕಕ್ಕೆ ಬಂದು ನಿಂತಿತು. ಹುಡುಗನ ಕಣ್ಣು ಅರಳಿದವು. ಆದರೆ ಆ ಗುಂಯ್ ಗುಂಯ್ ಇನ್ನೂ ನಡುವೆ ಹೊರಳಾಡುತ್ತಿತ್ತು. ಅಂಜನ್ ಮೈಕಿಗೆ ಬಾಯಿ ಇಟ್ಟು, ಸಂಭ್ರಮದಲ್ಲಿ ಏನು ಹೇಳುತ್ತಿದ್ದೇನೆಂದು ಯೋಚಿಸದೆ ಕೂಗಿದ:

"ತಾತ, ಕೈ ತೆಗೀರಿ! ಪೆಟ್ಟಿಗೆ ಬೇಡ, ಪೆಟ್ಟಿಗೆ ಬೇಡ!"

ಎಲ್ಲರಿಗೂ ಕೇಳಿತು. ಮೇಷ್ಟ್ರು ಕೈ ತೆಗೆದರು. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ಡ್ರಮ್ಮು ಸೇರಿತು. ಫೋನುಗಳ ಬೆಳಕು ಹೊಲದ ತುಂಬ ಮಿಂಚುಹುಳ ಎದ್ದಂತೆ ಎದ್ದಿತು. ಅಡವಿಯಪ್ಪ ಆ ಕಡೆ ನೋಡಲೇ ಇಲ್ಲ. ಮೇಷ್ಟ್ರ ಕಡೆಗೇ ತಿರುಗಿ ನಿಂತು, ಪದವನ್ನು ಮೊದಲಿಂದ ಕಡೆಯವರೆಗೆ ಮತ್ತೊಂದು ಸಲ ಹಾಡಿದ. ಅಂದು ಬಾಯಿಗೆ ಬಾರದೆ ಉಳಿದ ಸಾಲುಗಳನ್ನೆಲ್ಲ ಒಂದೊಂದಾಗಿ ಆ ಬೋಳುತಲೆಯ ಮುಂದೆ ಇಟ್ಟ. ಎಲ್ಲೋ ಒಂದು ಕಡೆ ದನಿ ಒಡೆಯಿತು ಕೂಡ. ಜನ ಹುಚ್ಚೆದ್ದು ಕೂಗಿದರು.

ಹಾಡು ಮುಗಿದ ಮೇಲೆ ಪರದೆಯ ಹಿಂದೆ ಒಂದು ಬೆಂಚಿನ ಮೇಲೆ ಮೇಷ್ಟ್ರನ್ನು ಕೂರಿಸಿದ್ದರು. ಪಕ್ಕದಲ್ಲಿ ಪೆಟ್ಟಿಗೆ. ಹುಡುಗರೆಲ್ಲ ವೈರ್ ಸುತ್ತುವ ಗಲಾಟೆಯಲ್ಲಿದ್ದರು. ಅಡವಿಯಪ್ಪ ಹೋಗಿ ಎದುರಿಗೆ ನಿಂತ.

"ಅಡವಿ ಅಲ್ವೇನ್ಲಾ ನೀನು?" ಅಂದರು ಮೇಷ್ಟ್ರು.

"ಪೀಪಿ ಅನ್ನಿ. ನೀವೇ ಇಟ್ಟ ಹೆಸ್ರು."

"ನಾನೆಲ್ಲಿ ಇಟ್ಟೆ? ಊರು ಇಟ್ಟಿದ್ದು."

"ಊರಿಗೆ ಶ್ರುತಿ ಕೊಟ್ಟೋರು ಯಾರು?"

ಮೇಷ್ಟ್ರು ಶಾಲಿನ ಅಂಚು ಎಳೆದುಕೊಂಡರು. "ಚಿಕ್ಕರಂಗ ಮನೇಲಿ ಅಳ್ತಾ ಕುಂತಿದ್ದ ಕಣ್ಲಾ. ಊಟ ಬಿಟ್ಟಿದ್ದ. ತಂದೆ ಇಲ್ದೋನು, ನಾನೇ ಸಾಕಿದ್ದು. ಈಗ ಅವ್ನೂ ಇಲ್ಲ ಬುಡು." ಆಮೇಲೆ ತಲೆ ಎತ್ತಿ ಅಂದರು, "ಒಂದು ಮಾತು ಬಾಯ್ಬಿಟ್ಟು ಕೇಳಿದ್ರೆ ನೀನು ಪಾತ್ರ ಬುಟ್ಕೊಡ್ತಿದ್ಯಾ?"

ಅಡವಿಯಪ್ಪ ನಿಜವಾಗಿಯೂ ಯೋಚಿಸಿದ.

"ಇಲ್ಲ" ಅಂದ.

"ಮತ್ತೆ?"

"ಮತ್ತೆ ಏನೂ ಇಲ್ಲ. ನೀವು ಮಾಡಿದ್ದು ನೀವು ಮಾಡಿದ್ರಿ. ನಾನು ಮಾಡಿದ್ದು ನಾನು ಮಾಡ್ದೆ."

"ಮುಗೀತಲ್ಲ?"

ಅಷ್ಟರಲ್ಲಿ ಅಂಜನ್‌ಕುಮಾರ್ ಬೆವರು ಒರೆಸಿಕೊಳ್ಳುತ್ತಾ ಓಡಿಬಂದ. ಅವನ ಹಿಂದೆ ಮಾನಸಾ, ಮುಖವೆಲ್ಲ ನಗು. "ಯಜಮಾನ್ರೇ, ಏನ್ ಹಾಡಿದ್ರಿ! ಆ ಶ್ರುತಿ ಎಲ್ಲಿಂದ ತಂದ್ರಿ? ಮುಂದಿನ ತಿಂಗ್ಳು ಗುಬ್ಬೀಲಿ ದೊಡ್ಡ ಶೋ ಇದೆ ನಮ್ದು. ತಾತನ ಊರು. ಊರಿಗೆ ಊರೇ ಬರತ್ತೆ. ನೀವು ಬರ್ಲೇಬೇಕು. ನೀವು ಹಾಡಿ, ತಾತ ಹಾರ್ಮೋನಿಯಂ..."

"ಬರ್ತೀನಿ" ಅಂದ ಅಡವಿಯಪ್ಪ. "ಹಾರ್ಮೋನಿಯಂ ಬೇಡ."

ಹುಡುಗ ನಕ್ಕ. ಆಮೇಲೆ ಇದು ನಗೆಯ ಮಾತಲ್ಲ ಎಂದು ತಿಳಿದು ನಿಲ್ಲಿಸಿದ. "ಅಂದ್ರೆ... ಅದು ತಾತನ ಊರಲ್ವಾ..."

"ನನ್ ಶ್ರುತಿ ಆ ಪೆಟ್ಟಿಗೇಲಿಲ್ಲಪ್ಪ. ನೀನೇ ಹೇಳಿದ್ಯಲ್ಲ, ಎಲ್ರ ಮುಂದೆ. ನಿನ್ ತಂತಿಗೆ ಸಿಗತ್ತೆ. ನಾನು, ನೀನು, ಆ ಡ್ರಮ್ಮು. ಅಷ್ಟಿದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ."

ಮೇಷ್ಟ್ರು ಮೊಮ್ಮಗನ ಮುಖವನ್ನೇ ನೋಡುತ್ತಾ ಕೂತರು. ಅವನು ಆಗಲ್ಲ ಅನ್ನುತ್ತಾನೆ ಎಂದು ಕಾಯುತ್ತಿದ್ದದ್ದು ಆ ಮಂಜುಗಣ್ಣಿನಲ್ಲೂ ಕಾಣುತ್ತಿತ್ತು. ಅಂಜನ್ ಅತ್ತ ನೋಡಿದ, ಇತ್ತ ನೋಡಿದ, ಕಾಲಿನ ಬೆರಳಿನಿಂದ ಒಂದು ವೈರನ್ನು ಸರಿಸಿದ. ಕಡೆಗೆ ತಾತನ ಹೆಗಲ ಮೇಲೆ ಕೈ ಇಟ್ಟ.

"ಗುಬ್ಬಿ ಒಂದಕ್ಕೆ ತಾನೇ ತಾತ? ನಿಮ್ಗೂ ಒಂಚೂರು ರೆಸ್ಟ್ ಆಗತ್ತೆ. ಮುಂದೆ ಕೂತು ಆರಾಮಾಗಿ ಕೇಳಿ."

"ಆಯ್ತಪ್ಪ" ಅಂದರು ಮೇಷ್ಟ್ರು.

ಅವರು ಬಗ್ಗಿ ಪೆಟ್ಟಿಗೆಯ ತಿದಿಯನ್ನು ಮುಚ್ಚಿದರು. ಕೊಕ್ಕೆ ಸಿಕ್ಕಿಸಲು ಹೋದರೆ ಬೆರಳು ಜಾರಿತು. ಮಾನಸಾ ಸಹಾಯಕ್ಕೆ ಒಂದು ಹೆಜ್ಜೆ ಮುಂದಿಟ್ಟಳು. ಅಡವಿಯಪ್ಪ ಅವಳ ಮೊಣಕೈ ಹಿಡಿದು ನಿಲ್ಲಿಸಿದ. ಮೇಷ್ಟ್ರು ಮತ್ತೆ ಪ್ರಯತ್ನಿಸಿದರು, ಮತ್ತೆ ಜಾರಿತು. ಕೊಕ್ಕೆ ಕೂರುವವರೆಗೂ ಅಡವಿಯಪ್ಪ ಅಲ್ಲೇ ನಿಂತು ನೋಡಿದ. ಆಮೇಲೆ ಹೊರಟ.

ಹೊರಗೆ ಸ್ಕೂಟರ್ ತೆಗೆಯುತ್ತಾ ಮಾನಸಾ, "ಪಾಪ ತಾತ, ಅವರ್ಗೆ ತುಂಬಾ ಬೇಜಾರಾಯ್ತು ಅನ್ಸತ್ತೆ" ಅಂದಳು.

"ಆಗ್ಲಿ."

ಅವಳು ತಿರುಗಿ ನೋಡಿದಳು. ತಾತ ಎಂದಿನ ಹಾಗೆಯೇ ಇದ್ದ. ಅಂಗಿಯ ತೋಳು ಮಡಚಿಕೊಂಡು, ಹಿಂದಿನ ಸೀಟಿನ ದೂಳು ಒರೆಸಿ, ಹುಷಾರಾಗಿ ಕಾಲು ಹಾಕಿ ಕೂತ. ಗಾಡಿ ಗೇಟು ದಾಟಿ ರಸ್ತೆಗೆ ಬಂದ ಮೇಲೆ ಅವಳ ಕಿವಿಯ ಹತ್ತಿರ ಬಾಗಿ ಕೇಳಿದ:

"ಗುಬ್ಬಿ ಶೋಗೆ ಪೋಸ್ಟರ್ ಅಂಟಿಸ್ತಾರಾ?"

"ಹೂಂ ತಾತ, ಎಲ್ಲಾ ಕಡೆ."

"ಮೇಷ್ಟ್ರ ಬೀದೀಲೂನಾ?"

"ಅಲ್ಲೂ ಅಂಟಿಸ್ತಾರೆ. ಯಾಕೆ?"

"ಏನಿಲ್ಲ" ಅಂದ ಅಡವಿಯಪ್ಪ. "ಅವ್ರ ಮನೆ ಎದುರಿನ ಗೋಡೆಗೆ ಒಂದು ಅಂಟಿಸೋಕೆ ಹೇಳು. ಬಾಗ್ಲು ತೆಗೆದ್ರೆ ಕಾಣೋ ಹಂಗೆ."